ರೋಗಿಯ ಮಂಚದ ಬಳಿ ನಾವೇಕೆ ಇರಲಿಲ್ಲ?

(ಕೈವಾರದಲ್ಲಿ ನಡೆದ ಯುವಕರ ಕೂಟವೊಂದರಲ್ಲಿ ಮಾಡಿದ ಭಾಷಣದ ಬರಹ ರೂಪ)

  

ಜನಸೇವೆ ಮತ್ತು ಇಸ್ಲಾಮ್ ಎಂಬ ವಿಷಯದ ಕುರಿತು ಮಾತನಾಡಬೇಕೆಂದು ನನಗೆ ತಿಳಿಸಲಾಗಿದೆ. ಈ ವಿಷಯದ ಮೇಲೆ ನಾವೆಲ್ಲರೂ ಅನೇಕ ಭಾಷಣಗಳನ್ನು ಕೇಳಿದ್ದೇವೆ; ತಲೆದೂಗಿದ್ದೇವೆ; ಎದ್ದು ಮನೆಗೆ ಹೋಗಿದ್ದೇವೆ. ಆದ್ದರಿಂದ ಇಂದು ನಾನು ನಮ್ಮ ನೆರೆಯ ಕ್ರೈಸ್ತ ಬಾಂಧವರ ಸೇವೆಯಿಂದಲೇ ಮಾತು ಆರಂಭಿಸುತ್ತೇನೆ. ಅದಕ್ಕೆ ಕಾರಣವೂ ಇದೆ.

ಕೆಲವು ವರ್ಷಗಳ ಹಿಂದೆ ನನ್ನ ದೊಡ್ಡಪ್ಪ ಆಸ್ಪತ್ರೆ ಸೇರಿದರು. ಜೀವಮಾನವಿಡೀ ರೇಷ್ಮೆ ನೂಲು ಬಿಚ್ಚಾಣಿಕೆಯ ಕೆಲಸ ಮಾಡಿದವರು. ಕುದಿಯುವ ಗೂಡಿನ ಹಬೆಯಲ್ಲಿ ಕುಳಿತು ದುಡಿದವರ ಎದೆ ಏನಾಗುತ್ತದೆಂದು ಶಿಡ್ಲಘಟ್ಟದವರಿಗೆ ನಾನು ವಿವರಿಸಬೇಕಾಗಿಲ್ಲ. ಹನ್ನೊಂದು ದಿನ ಅವರು ಆ ವಾರ್ಡಿನಲ್ಲಿದ್ದರು. ಮೂರನೆಯ ದಿನ ಸಂಜೆ ಇಬ್ಬರು ಮಹಿಳೆಯರು ಬಂದರು. ಕೈಯಲ್ಲಿ ಒಂದು ಗಂಜಿಯ ಪಾತ್ರೆ, ಒಂದು ಚೀಲದಲ್ಲಿ ಬ್ರೆಡ್ಡು. ಚರ್ಚಿನ ಕಡೆಯಿಂದ ಬಂದವರೆಂದು ಆಮೇಲೆ ತಿಳಿಯಿತು. ಮಂಚದಿಂದ ಮಂಚಕ್ಕೆ ಹೋಗಿ, "ತಾತಾ, ಊಟ ಆಯ್ತಾ? ಮನೆಯಿಂದ ಯಾರಾದರೂ ಬಂದಿದ್ದಾರಾ?" ಎಂದು ವಿಚಾರಿಸುತ್ತಿದ್ದರು. ದೊಡ್ಡಪ್ಪನ ಹೆಸರು ಕೇಳಿದರು. ಹೆಸರು ತಿಳಿದ ಮೇಲೂ ಗಂಜಿ ಬಡಿಸಿದರು. "ನಿಮಗಾಗಿ ಪ್ರಾರ್ಥಿಸಬಹುದಾ?" ಎಂದು ಅನುಮತಿ ಕೇಳಿದರು. ದೊಡ್ಡಪ್ಪ ಸಂಕೋಚದಿಂದ ಬೇಡವೆಂದರು. ಮರುದಿನವೂ ಅವರು ಬಂದರು, ಗಂಜಿ ತಂದರು, ಪ್ರಾರ್ಥನೆಯ ಮಾತೆತ್ತಲಿಲ್ಲ.

ಆ ಹನ್ನೊಂದು ದಿನಗಳಲ್ಲಿ ನಮ್ಮ ಮೊಹಲ್ಲಾದ ಮಸೀದಿ ಕಮಿಟಿಯಿಂದ ಒಬ್ಬರೂ ಬರಲಿಲ್ಲ. ಹನ್ನೆರಡನೆಯ ದಿನ ಮಯ್ಯಿತ್ ಮನೆಗೆ ಬಂದಾಗ ನೂರಾರು ಜನ ಸೇರಿದರು. ಕಫನ್ ಬಂತು, ಕಬರ್ ಸಿದ್ಧವಾಯಿತು, ಜನಾಝಾಕ್ಕೆ ಹೆಗಲು ಕೊಡಲು ನೂಕುನುಗ್ಗಲಾಯಿತು. ಅದಕ್ಕಾಗಿ ನಾನು ಕೃತಜ್ಞ. ಆದರೆ ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಸತ್ತವನಿಗೆ ಹೆಗಲು ಕೊಡಲು ಇಷ್ಟು ಜನರಿರುವ ಸಮುದಾಯದಲ್ಲಿ ಬದುಕಿರುವ ರೋಗಿಯ ಮಂಚದ ಬಳಿ ಕುಳಿತುಕೊಳ್ಳಲು ಒಬ್ಬನೂ ಏಕಿರಲಿಲ್ಲ?

ಸಹೋದರರೇ, ಮುಸ್ಲಿಮ್ ಹದೀಸ್ ಸಂಗ್ರಹದಲ್ಲಿರುವ ಒಂದು ಪ್ರಸಿದ್ಧ ವಚನದ ಆಶಯವನ್ನು ನೆನಪಿಸಿಕೊಳ್ಳಿ. ಅಂತಿಮ ವಿಚಾರಣೆಯ ದಿನ ಅಲ್ಲಾಹನು ತನ್ನ ದಾಸನನ್ನು ವಿಚಾರಿಸುವನು. ನಾನು ರೋಗಿಯಾಗಿದ್ದಾಗ ನೀನು ನೋಡಲು ಬರಲಿಲ್ಲವೆಂದೂ ಹಸಿದಿದ್ದಾಗ ಉಣಿಸಲಿಲ್ಲವೆಂದೂ ಅವನು ಕೇಳುವನು. ದಾಸನು ಬೆರಗಾಗುವನು. ಆಗ, ಇಂಥ ದಾಸನು ರೋಗಿಯಾಗಿದ್ದಾಗ ನೀನು ಹೋಗಿದ್ದರೆ ಅಲ್ಲಿ ನನ್ನನ್ನು ಕಾಣುತ್ತಿದ್ದೆ ಎಂಬ ಉತ್ತರ ಬರುವುದು. ಕ್ರೈಸ್ತರ ಗ್ರಂಥದಲ್ಲಿ, ಮತ್ತಾಯನ ಸುವಾರ್ತೆಯ 25ನೆಯ ಅಧ್ಯಾಯದಲ್ಲಿ, ಹೆಚ್ಚುಕಡಿಮೆ ಇದೇ ಆಶಯದ ಉಪದೇಶವಿದೆ. ಒಂದೇ ಬಗೆಯ ಆಜ್ಞೆ ಎರಡು ಸಮುದಾಯಗಳಿಗೆ ತಲುಪಿತು. ಅವರು ಅದನ್ನು ವಾರ್ಡಿನ ಬಾಗಿಲಿಗೆ ಕೊಂಡೊಯ್ದರು. ನಾವು ಮಿಂಬರಿನ ಮೇಲೆ ಓದಿ ಕೆಳಗಿಳಿದೆವು.

ಈ ನಾಡಿನ ಇತಿಹಾಸವನ್ನೇ ನೋಡೋಣ. ಚಿಕ್ಕಬಳ್ಳಾಪುರ ಜಿಲ್ಲೆ 2007ರವರೆಗೆ ಕೋಲಾರ ಜಿಲ್ಲೆಯ ಭಾಗವಾಗಿತ್ತು. 1876-78ರ ಭೀಕರ ಕ್ಷಾಮವನ್ನು, ನಮ್ಮ ಹಿರಿಯರು ಧಾತು ಬರವೆಂದು ಕರೆದ ಆ ಕ್ಷಾಮವನ್ನು, ಈ ಭಾಗ ಮರೆಯಲಾರದು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಆ ದಿನಗಳಲ್ಲಿ ಕೋಲಾರದಲ್ಲಿ ಆನ್‌ಸ್ಟಿ ಎಂಬ ಇಂಗ್ಲೆಂಡಿನ ಮಹಿಳೆ ಅನಾಥ ಮಕ್ಕಳನ್ನು ಸಾಕಿದರು. 1890ರಲ್ಲಿ ಆ ಕಾರ್ಯವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್ನಿಗೆ ವಹಿಸಿಕೊಟ್ಟರು. ಅದೇ ಮಿಷನ್ 1910ರಲ್ಲಿ ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿತು. ಇ.ಟಿ.ಸಿ.ಎಂ. ಎಂದರೆ ನಿಮಗೆಲ್ಲರಿಗೂ ಗೊತ್ತು. ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ ಆಸ್ಪತ್ರೆ ತೆರೆಯಿತು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ಬಂತು.

ವೆಲ್ಲೂರಿನ ಕಥೆ ಇನ್ನೂ ಮನಮುಟ್ಟುವಂಥದು. 1890ರ ದಶಕದಲ್ಲಿ ತಿಂಡಿವನದ ಮಿಷನರಿ ಕುಟುಂಬದ ತರುಣಿ ಇಡಾ ಸ್ಕಡರ್ ಅವರ ಬಳಿಗೆ ಒಂದೇ ರಾತ್ರಿ ಮೂವರು ಗಂಡಸರು ಬಂದರು. ಮೂವರ ಹೆಂಡತಿಯರೂ ಹೆರಿಗೆಯ ಸಂಕಟದಲ್ಲಿದ್ದರು. ವೈದ್ಯರಾಗಿದ್ದ ತಂದೆಯನ್ನು ಕರೆದೊಯ್ಯಿರಿ ಎಂದು ಇಡಾ ಹೇಳಿದರೆ, ಪರಪುರುಷ ಬರುವುದು ಬೇಡವೆಂದು ಮೂವರೂ ಹಿಂತಿರುಗಿದರು. ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ತೀರಿಕೊಂಡಿದ್ದರು. ಬಂದವರಲ್ಲಿ ಒಬ್ಬ ಬ್ರಾಹ್ಮಣ, ಇನ್ನೊಬ್ಬ ಬೇರೆ ಜಾತಿಯ ಹಿಂದೂ, ಮತ್ತೊಬ್ಬ ಮುಸ್ಲಿಮ್. ಇಡಾ ಅಮೆರಿಕಕ್ಕೆ ಹೋಗಿ ವೈದ್ಯಶಾಸ್ತ್ರ ಕಲಿತು 1900ರಲ್ಲಿ ಮರಳಿ ಬಂದು ವೆಲ್ಲೂರಿನಲ್ಲಿ ಒಂದೇ ಹಾಸಿಗೆಯ ಚಿಕಿತ್ಸಾಲಯ ತೆರೆದರು. 1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ಆರಂಭಿಸಿದರು. ಇಂದು ಚಿಂತಾಮಣಿಯ ನಮ್ಮ ಮನೆಯ ಹೆಂಗಸರನ್ನೂ ನಾವು ಕರೆದುಕೊಂಡು ಹೋಗುವ ವೆಲ್ಲೂರು ಆಸ್ಪತ್ರೆ ಅದೇ. ಆ ರಾತ್ರಿ ಸತ್ತ ಮುಸ್ಲಿಮ್ ಮಹಿಳೆಯ ಸಾವಿನಿಂದ ಪಾಠ ಕಲಿತವರು ಯಾರು? ನಮ್ಮ ಹೆಣ್ಣುಮಕ್ಕಳ ಮರ್ಯಾದೆಯ ಬಗ್ಗೆ ಅಷ್ಟೊಂದು ಕಾಳಜಿಯುಳ್ಳ ನಾವು, ಅವರಿಗಾಗಿ ವೈದ್ಯೆಯರನ್ನು ತಯಾರು ಮಾಡಲು ಎಷ್ಟು ಕಾಲ ತೆಗೆದುಕೊಂಡೆವು?

ಈಗ ನಿಮ್ಮಲ್ಲಿ ಕೆಲವರ ಮನಸ್ಸಿನಲ್ಲಿ ಏಳುತ್ತಿರುವ ಆಕ್ಷೇಪ ನನಗೆ ತಿಳಿದಿದೆ. ಅವರ ಸೇವೆಯ ಹಿಂದೆ ಮತಪ್ರಚಾರದ ಉದ್ದೇಶವಿತ್ತಲ್ಲವೇ? ಇತ್ತು. ಅದನ್ನು ಮುಚ್ಚಿಡಬೇಕಾಗಿಲ್ಲ, ಮಿಷನರಿಗಳೇ ಮುಚ್ಚಿಟ್ಟಿರಲಿಲ್ಲ. ಕ್ಷಾಮದಲ್ಲಿ ಬದುಕುಳಿದ ಅನೇಕ ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಹಸಿದವನ ಅಸಹಾಯಕತೆಯನ್ನು ಬಳಸಿ ಅವನ ನಂಬಿಕೆಯನ್ನು ಕೊಳ್ಳುವುದು ತಪ್ಪು. ಅದನ್ನು ಕ್ರೈಸ್ತರು ಮಾಡಿದರೂ ತಪ್ಪು, ನಾವು ಮಾಡಿದರೂ ತಪ್ಪು. ಧರ್ಮದಲ್ಲಿ ಬಲಾತ್ಕಾರಕ್ಕೆ ಎಡೆಯಿಲ್ಲವೆಂಬುದು ಕುರ್‌ಆನಿನ ನಿಲುವು. ಆದರೆ ಒಂದು ಮಾತನ್ನು ಯೋಚಿಸಿ. ಆ ಮಕ್ಕಳು ಬೀದಿಯಲ್ಲಿ ಸಾಯುತ್ತಿದ್ದಾಗ ಅವರನ್ನು ಎತ್ತಿಕೊಳ್ಳದವನಿಗೆ, ಎತ್ತಿಕೊಂಡವನ ಉದ್ದೇಶವನ್ನು ಪ್ರಶ್ನಿಸುವ ಅಧಿಕಾರ ಎಷ್ಟಿದೆ? ಗಂಜಿ ತಂದ ಆ ಇಬ್ಬರು ಮಹಿಳೆಯರು ನನ್ನ ದೊಡ್ಡಪ್ಪನ ಈಮಾನನ್ನು ಕದಿಯಲಿಲ್ಲ. ನಮ್ಮ ಗೈರುಹಾಜರಿಯನ್ನು ತುಂಬಿದರು, ಅಷ್ಟೇ.

ಇದಕ್ಕೊಂದು ರಾಜಕೀಯ ಮುಖವೂ ಇದೆ. 2021ರ ಡಿಸೆಂಬರಿನಲ್ಲಿ ವಿಧಾನಸಭೆ ಅಂಗೀಕರಿಸಿ, 2022ರಲ್ಲಿ ಜಾರಿಗೆ ಬಂದ ಮತಾಂತರ ನಿಷೇಧ ಕಾಯ್ದೆಯು ಆಮಿಷ ಎಂಬ ಪದಕ್ಕೆ ಬಹಳ ವಿಶಾಲವಾದ ಅರ್ಥ ಕೊಟ್ಟಿತು. ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ ಸೇರಿದವು. ಮಸೂದೆ ಚರ್ಚೆಯಲ್ಲಿದ್ದ ಅದೇ ವಾರ ನಮ್ಮದೇ ಜಿಲ್ಲೆಯ ಸೂಸೈಪಾಳ್ಯದ ಸಂತ ಜೋಸೆಫರ ಚರ್ಚಿನಲ್ಲಿ ಸಂತ ಅಂತೋಣಿಯವರ ಪ್ರತಿಮೆಯನ್ನು ಹಾನಿಗೊಳಿಸಲಾಯಿತು. ಆಗ ನಮ್ಮಲ್ಲಿ ಹಲವರು ಇದು ಕ್ರೈಸ್ತರ ಸಮಸ್ಯೆಯೆಂದು ಸುಮ್ಮನಿದ್ದರು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಆ ಕಾಯ್ದೆಯನ್ನು ರದ್ದುಪಡಿಸುವ ನಿರ್ಧಾರ ಕೈಗೊಂಡಿತೆಂಬುದು ನಿಜ. ಆದರೆ ಒಂದು ಪಾತ್ರೆ ಗಂಜಿಯನ್ನು ಆಮಿಷವೆಂದು ಕರೆಯುವ ಮನೋಭಾವ, ನಾಳೆ ನಿಮ್ಮ ರಮಝಾನ್ ಕಿಟ್ಟನ್ನೂ ನಿಮ್ಮ ವಿದ್ಯಾರ್ಥಿವೇತನವನ್ನೂ ಅದೇ ಹೆಸರಿನಿಂದ ಕರೆಯುತ್ತದೆ. ನೆರೆಯವನ ಸೇವೆಯ ಹಕ್ಕನ್ನು ರಕ್ಷಿಸದವನು ತನ್ನ ಸೇವೆಯ ಹಕ್ಕನ್ನು ಉಳಿಸಿಕೊಳ್ಳಲಾರ.

ಸಹೋದರರೇ, ಸೇವೆ ನಮಗೆ ಹೊರಗಿನಿಂದ ಬಂದದ್ದಲ್ಲ. ಮದೀನಾದಲ್ಲಿ ರುಫೈದಾ(ರ) ಎಂಬ ಮಹಿಳೆ ಡೇರೆ ಹಾಕಿ ಗಾಯಾಳುಗಳ ಶುಶ್ರೂಷೆ ಮಾಡಿದರು. 1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಆಸ್ಪತ್ರೆ ವಕ್ಫ್ ಆದಾಯದಿಂದಲೇ ನಡೆಯಿತು. ಬಡವರಿಗೆ, ಅನಾಥರಿಗೆ, ಸೆರೆಯಾಳುಗಳಿಗೆ ಉಣಿಸಿ ಪ್ರತಿಫಲವನ್ನಾಗಲಿ ಕೃತಜ್ಞತೆಯನ್ನಾಗಲಿ ಬಯಸದವರನ್ನು ಕುರ್‌ಆನ್ ಪ್ರಶಂಸಿಸುತ್ತದೆ. ಆ ಕಾಲದ ಸೆರೆಯಾಳುಗಳು ಯಾರು? ಮುಸ್ಲಿಮರ ವಿರುದ್ಧ ಖಡ್ಗ ಹಿಡಿದು ಬಂದವರು. ಶತ್ರುವಿನ ಹಸಿವೆಯನ್ನೂ ತನ್ನದೆಂದು ತಿಳಿಯುವ ಧರ್ಮದ ಅನುಯಾಯಿಗಳಾದ ನಾವು ಇಂದು ಪಕ್ಕದ ಬೀದಿಯ ಹಸಿವೆಯನ್ನು ಕಾಣುತ್ತಿಲ್ಲವೆಂದರೆ ಅದು ಖೇದಕರ.

ನಮ್ಮಿಂದ ಆಗದು ಎಂದೂ ಹೇಳುವಂತಿಲ್ಲ. 2020-21ರ ಕೊರೋನಾ ಕಾಲದಲ್ಲಿ, ಸ್ವಂತ ಮಕ್ಕಳೇ ಮೃತದೇಹವನ್ನು ಮುಟ್ಟಲು ಹೆದರುತ್ತಿದ್ದಾಗ, ಬೆಂಗಳೂರಿನ ಮರ್ಸಿ ಮಿಷನ್ ಬಳಗದ ಯುವಕರು ಮುಂದೆ ಬಂದರು. ಕ್ರೈಸ್ತ ಯುವಕರೂ ಅದೇ ಕೆಲಸಕ್ಕಿಳಿದರು. ಯಹೂದಿಯ ಶವಯಾತ್ರೆ ಹಾದುಹೋದಾಗ ಎದ್ದು ನಿಂತು, ಅದೂ ಒಂದು ಜೀವವಲ್ಲವೇ ಎಂಬ ಅರ್ಥದ ಮಾತನ್ನಾಡಿದ ಪ್ರವಾದಿ(ಸ)ಯವರ ಮಾದರಿ ಅಂದು ಬೆಂಗಳೂರಿನ ಬೀದಿಗಳಲ್ಲಿ ಕಾಣಿಸಿತು. ಆ ಪಿಡುಗು ಮುಗಿದೊಡನೆ ಆ ಉತ್ಸಾಹವೂ ಮುಗಿಯಬೇಕೇ?

ಆದ್ದರಿಂದ ನಾನು ದೊಡ್ಡ ಆಸ್ಪತ್ರೆ ಕಟ್ಟಿರೆಂದು ಹೇಳಲು ಬಂದಿಲ್ಲ. ಮೂರು ಚಿಕ್ಕ ಕೆಲಸಗಳನ್ನು ಕೇಳುತ್ತೇನೆ.

ಮೊದಲನೆಯದು, ಪ್ರತಿ ಮಸೀದಿಯಲ್ಲಿ ರೋಗಿಗಳ ಒಂದು ಪಟ್ಟಿ ಇರಲಿ. ಜುಮಾ ನಮಾಝಿನ ನಂತರ ನಾಲ್ವರು ಯುವಕರು ಸರಕಾರಿ ಆಸ್ಪತ್ರೆಯ ವಾರ್ಡಿಗೆ ಹೋಗಲಿ. ಮಂಚಗಳನ್ನು ಹೆಸರು ನೋಡಿ ಆರಿಸಬೇಡಿ.

ಎರಡನೆಯದು, ಹಣದ ಲೆಕ್ಕ. ಝಕಾತಿನ ಎಂಟು ವರ್ಗಗಳನ್ನು ಕುರ್‌ಆನ್ ನಿಗದಿಪಡಿಸಿದೆ, ಅದರ ವಿನಿಯೋಗವನ್ನು ಉಲಮಾಗಳ ಮಾರ್ಗದರ್ಶನದಲ್ಲಿ ಮಾಡೋಣ. ಆದರೆ ಸದಕಾಕ್ಕೆ ಧರ್ಮದ ಗಡಿಯಿಲ್ಲ. ಅದರಿಂದ ಬೆಂಗಳೂರಿಗೋ ವೆಲ್ಲೂರಿಗೋ ಹೋಗುವ ಬಡರೋಗಿಯ ಬಸ್ಸು ಖರ್ಚು, ಔಷಧಿ, ಜೊತೆಗೆ ಹೋಗುವವನ ಊಟ ನಡೆಯಲಿ. ಕೊಡುವಾಗ ಫೋಟೋ ತೆಗೆಯಬೇಡಿ. ಬಡವನ ಮುಖ ನಮ್ಮ ಪ್ರಚಾರದ ಸಾಮಗ್ರಿಯಲ್ಲ.

ಮೂರನೆಯದು, ಚರ್ಚಿನವರು ಈಗಾಗಲೇ ಮಾಡುತ್ತಿರುವ ಕೆಲಸಕ್ಕೆ ಪೈಪೋಟಿ ಬೇಡ, ಕೈಜೋಡಿಸಿ. ಅನ್ಯಾಯಕ್ಕೊಳಗಾದವರ ನೆರವಿಗಾಗಿ ಮಕ್ಕಾದಲ್ಲಿ ನಡೆದ ಹಿಲ್ಫುಲ್ ಫುಝೂಲ್ ಒಪ್ಪಂದದಲ್ಲಿ ಪ್ರವಾದಿ(ಸ) ಪಾಲ್ಗೊಂಡಿದ್ದರು. ಇಂದಿಗೂ ಅಂಥ ಕರೆ ಬಂದರೆ ಓಗೊಡುವೆನೆಂಬ ಆಶಯವನ್ನು ಪ್ರವಾದಿತ್ವದ ಬಳಿಕವೂ ವ್ಯಕ್ತಪಡಿಸಿದ್ದರು. ಅಂದು ಒಪ್ಪಂದ ಮಾಡಿಕೊಂಡವರು ಮುಸ್ಲಿಮರಾಗಿರಲಿಲ್ಲವೆಂಬುದನ್ನು ಗಮನಿಸಿ.

ಬಳೆ ಮಾರುತ್ತಾ ಬದುಕಿ ಯೋಗಿಯಾದ ನಾರೇಯಣ ತಾತಯ್ಯನವರ ಊರಿದು. ಇಲ್ಲಿಯ ಮಠದ ಪಂಕ್ತಿಯಲ್ಲಿ ಕುಳಿತವನ ಜಾತಿಯನ್ನು ಕೇಳಿ ಅನ್ನ ಬಡಿಸುವುದಿಲ್ಲ. ಇಂಥ ನೆಲದಲ್ಲಿ ಹುಟ್ಟಿದ ನಮಗೆ, ರೋಗಿಯ ಹೆಸರು ಕೇಳದೆ ಗಂಜಿ ಬಡಿಸುವುದು ಕಷ್ಟವಾಗಬಾರದು.

ನನ್ನ ದೊಡ್ಡಪ್ಪ ಇಂದಿಲ್ಲ. ಆದರೆ ಯಾವುದೋ ವಾರ್ಡಿನಲ್ಲಿ ಇಂದು ಸಂಜೆಯೂ ಒಬ್ಬ ವೃದ್ಧ ಬಾಗಿಲ ಕಡೆ ನೋಡುತ್ತಾ ಮಲಗಿರುತ್ತಾನೆ. ಅವನ ಬಳಿಗೆ ಹೋಗುವವರಲ್ಲಿ ಅಲ್ಲಾಹನು ನಮ್ಮನ್ನೂ ಸೇರಿಸಲಿ. ಆಮೀನ್.