ಸಾಲದ ದಾವೆಗೆ ಪ್ರತಿದಾವೆ



ಸಾಲಗಾರನೆಂಬ ಮಾತಿನಲ್ಲಿಯೇ ನಮ್ಮ ಜನಕ್ಕೆ ತಲೆತಗ್ಗಿಸುವಂತಹ ಭಾವವೊಂದುಂಟು. ಅದರ ಮೇಲೆ ನ್ಯಾಯಸ್ಥಾನದ ಸಮನ್ಸು ಮನೆಯ ಬಾಗಿಲಿಗೆ ಬಂದರಂತೂ ಕೈಕಾಲೇ ಆಡದು. ಕೆಲವರು ಅದನ್ನು ತೆಗೆದುಕೊಳ್ಳದೆ ಹಿಂದಿರುಗಿಸುವರು. ಕೆಲವರು ಪೆಟ್ಟಿಗೆಯ ತಳದಲ್ಲಿಟ್ಟು ಮರೆಯಲೆಳಸುವರು. ಎರಡರ ಫಲವೂ ಒಂದೇ. ಪ್ರತಿವಾದಿ ಹಾಜರಾಗದಿದ್ದರೆ ವಿಚಾರಣೆಯು ಏಕಪಕ್ಷವಾಗಿ ನಡೆದು, ವಾದಿಯ ಲೆಕ್ಕವೇ ಡಿಕ್ರಿಯಾಗಿ ಪರಿಣಮಿಸಬಹುದು.

ಆದರೆ ಲೆಕ್ಕದ ಪುಸ್ತಕಕ್ಕೆ ಎರಡು ಮಗ್ಗುಲುಗಳುಂಟಷ್ಟೆ? ಹೊಳಲ್ಕೆರೆಯ ಕಡೆಯ ತೋಟದ ರೈತನೊಬ್ಬನು ಮಂಡಿಯ ವರ್ತಕನಿಂದ 1,50,000 ರೂಪಾಯಿ ಸಾಲ ಪಡೆದು, ಅದೇ ವರ್ತಕನಿಗೆ ಅಡಕೆಯನ್ನೂ ಹಾಕಿದ್ದಾನೆಂದು ಭಾವಿಸೋಣ. ಅಡಕೆಯ ಬೆಲೆಯಲ್ಲಿ 2,10,000 ರೂಪಾಯಿ ಅವನಿಗೆ ಬರಬೇಕಾಗಿದೆ. ವರ್ತಕನು ಸಾಲದ ಚೀಟಿಯನ್ನು ಮಾತ್ರ ಹಿಡಿದು ದಾವೆ ಹೂಡಿದರೆ, ರೈತನು ಸುಮ್ಮನಿರಬೇಕೆ? ಬೇಕಿಲ್ಲ. ಬಡ್ಡಿಯ ಮಾತನ್ನು ಬದಿಗಿಟ್ಟರೆ, ಎರಡು ಲೆಕ್ಕಗಳೂ ರುಜುವಾತಾದಾಗ ರೈತನ ಪರವಾಗಿಯೇ 60,000 ರೂಪಾಯಿಗೆ ಡಿಕ್ರಿಯಾಗಬಹುದು.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಎಂಟನೆಯ ಆದೇಶದಲ್ಲಿ ಇದಕ್ಕೆ ಎರಡು ದಾರಿಗಳಿವೆ. ಮೊದಲನೆಯದು ಮುಜರಾ, ಅಂದರೆ, ನಮಗೆ ಬರತಕ್ಕ ನಿಶ್ಚಿತವಾದ ಮೊಬಲಗನ್ನು ವಾದಿಯು ಕೇಳುವ ಹಣದಲ್ಲಿ ವಜಾ ಮಾಡಿಸಿಕೊಳ್ಳುವುದು. ಎರಡನೆಯದು ಪ್ರತಿದಾವೆ. ಇದನ್ನು ಸ್ಪಷ್ಟವಾದ ನಿಯಮವಾಗಿ ಸೇರಿಸಿದುದು 1976ರ ತಿದ್ದುಪಡಿ. ಅದು 1977ರಲ್ಲಿ ಜಾರಿಗೆ ಬಂದಿತು. ಇದರ ವ್ಯಾಪ್ತಿ ಹಿರಿದು. ವಾಣೀವಿಲಾಸ ಸಾಗರದ ನಾಲೆ ಮುಟ್ಟದ ಹಿರಿಯೂರಿನ ಹೊಲವೊಂದಕ್ಕೆ ಕಡವಾಗಿ ತಂದ ಪಂಪು ಕೆಟ್ಟದ್ದಾಗಿ, ಬೆಳೆ ಒಣಗಿತೆನ್ನಿ. ಅಂಗಡಿಯವನು ಬೆಲೆಗಾಗಿ ದಾವೆ ಮಾಡುತ್ತಾನೆ. ಬೆಳೆಯ ನಷ್ಟವು ಇಷ್ಟೇ ಎಂದು ಮೊದಲೇ ನಿಶ್ಚಯವಾಗಿರದ ಕಾರಣ ಅದು ಆ ನಿಯಮದ ಮುಜರಾಕ್ಕೆ ಒಳಪಡದು, ಪ್ರತಿದಾವೆಗೆ ಒಳಪಡುತ್ತದೆ. ಬಡ್ಡಿ ಹೆಚ್ಚಾಯಿತು, ಕಂತು ಜಮೆಯಾಗಲಿಲ್ಲ ಎಂಬ ಆಕ್ಷೇಪಗಳಾದರೋ ಬರಿಯ ಸಮಾಧಾನಗಳು. ಅವನ್ನು ಜವಾಬಿನಲ್ಲಿ ಹೇಳಿದರೆ ಸಾಕು.

ಪ್ರತಿದಾವೆಯನ್ನು ಹೊಸ ದಾವೆಯಂತೆಯೇ ಎಣಿಸುತ್ತಾರೆ. ಆದುದರಿಂದ ಅದಕ್ಕೆ ನ್ಯಾಯಾಲಯ ಶುಲ್ಕವುಂಟು. ವಾದಿಯು ಅದಕ್ಕೆ ಉತ್ತರ ಕೊಡಬೇಕು. ವಾದಿಯ ದಾವೆ ವಜಾ ಆದರೂ ಇದು ಮುಂದುವರಿಯಬಲ್ಲದು. ವಾದಿಯು ತನ್ನ ದಾವೆಯನ್ನು ಕೈಬಿಟ್ಟು ತಪ್ಪಿಸಿಕೊಳ್ಳುವ ಹಾಗಿಲ್ಲವೆಂಬುದೇ ಇದರ ಬಲ.

ಕಾಲದ ವಿಷಯದಲ್ಲಿ ಎಚ್ಚರ ಬೇಕು. ಸಮನ್ಸು ತಲಪಿದ 30 ದಿನಗಳೊಳಗೆ ಲಿಖಿತ ಜವಾಬು ಸಲ್ಲಿಸಬೇಕು; ಕಾರಣವನ್ನು ಬರೆದಿಟ್ಟು ನ್ಯಾಯಾಲಯವು 90 ದಿನಗಳವರೆಗೆ ಅವಕಾಶ ಕೊಡಬಹುದು. ಜವಾಬಿನ ಜೊತೆಯಲ್ಲಿಯೇ ಪ್ರತಿದಾವೆಯನ್ನೂ ಸಲ್ಲಿಸುವುದು ಕ್ಷೇಮ. ವಿವಾದಾಂಶಗಳು ರಚಿತವಾದ ಮೇಲೆ ಅದಕ್ಕೆ ಎಡೆಯಿಲ್ಲವೆಂದು 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ವಿಧಿಸಿದೆ. 1963ರ ಕಾಲಮಿತಿ ಕಾಯಿದೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಮುಜರಾವನ್ನು ವಾದಿಯ ದಾವೆಯ ದಿನವೇ ಕೇಳಿದಂತೆ ಎಣಿಸುತ್ತಾರೆ. ಪ್ರತಿದಾವೆಯನ್ನಾದರೋ ಅದನ್ನು ಸಲ್ಲಿಸಿದ ದಿನದಿಂದ ಎಣಿಸುತ್ತಾರೆ. ಮಾರಿದ ಸರಕಿನ ಬೆಲೆಗೆ ಸಾಮಾನ್ಯವಾಗಿ ಮೂರು ವರ್ಷಗಳ ಅವಧಿ. ಅದು ಮುಗಿಯುವ ಅಂಚಿನಲ್ಲಿರುವವನಿಗೆ ಒಂದು ವಾರದ ಆಲಸ್ಯವೂ ಹಕ್ಕನ್ನೇ ಕಳೆಯಬಹುದು.

ತೂಕದ ಚೀಟಿ, ರಸೀತಿ, ಬ್ಯಾಂಕಿನ ಪಾಸ್‌ಪುಸ್ತಕ, ಇವುಗಳೇ ಇಲ್ಲಿ ಆಧಾರ. ಹೊಸದುರ್ಗದ ಸಂತೆಯಲ್ಲಿ ತೆಂಗಿನಕಾಯಿ ಮಾರಿ ಬಾಯಿಮಾತನ್ನೇ ನಂಬಿ ಬಂದವನಿಗೆ ಹಕ್ಕಿರಬಹುದು, ರುಜುವಾತು ಕಷ್ಟ. ವಕೀಲರಿಗೆ ಕೊಡಲು ಹಣವಿಲ್ಲದವರು ನಿರಾಶರಾಗಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಹೆಂಗಸರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೂ, ನಿಗದಿಯಾದ ವರಮಾನಕ್ಕಿಂತ ಕಡಿಮೆಯುಳ್ಳವರಿಗೂ ಉಚಿತ ನೆರವುಂಟು. ಚಿತ್ರದುರ್ಗದ ಜಿಲ್ಲಾ ಪ್ರಾಧಿಕಾರವನ್ನಾಗಲಿ ತಾಲ್ಲೂಕು ಸಮಿತಿಯನ್ನಾಗಲಿ ಕೇಳಬಹುದು.

ಹಾಗೆಂದು ಪ್ರತಿದಾವೆಯು ಸಾಲ ತಪ್ಪಿಸುವ ಉಪಾಯವಲ್ಲ. ಹುಸಿ ಲೆಕ್ಕ ಹೂಡಿದವನು ಸಾಲದ ಜೊತೆಗೆ ಖರ್ಚನ್ನೂ ತೆರಬೇಕಾದೀತು. ಕೊಡಬೇಕಾದುದನ್ನು ಕೊಡುವುದು ಎಷ್ಟು ಧರ್ಮವೋ, ಬರಬೇಕಾದುದನ್ನು ಕೇಳುವುದೂ ಅಷ್ಟೇ ಧರ್ಮ. ಆ ಕೇಳಿಕೆಯನ್ನು ನ್ಯಾಯಾಧೀಶರ ಮುಂದೆ ಸಕಾಲದಲ್ಲಿ ಇಡುವ ಹೊಣೆ ಮಾತ್ರ ನಮ್ಮದು.