ಮೂಲ ಕೆದಕುವವರು

ಋಷಿಮೂಲ, ನದೀಮೂಲ ಕೆದಕಬಾರದು ಅಂತಾರೆ ಹಿರಿಯರು. ನಾನಿವತ್ತು ಹೇಳಹೊರಟಿರೋದು ಮೂಲ ಕೆದಕೋದೇ ಕಸುಬಾದವರ ಕತೆ.

ಲಿನಕ್ಸಿನಲ್ಲಿ ತಂತ್ರಾಂಶ ಪ್ಯಾಕೇಜುಗಳಾಗಿ ಬರುತ್ತೆ. ಒಂದೊಂದರ ಹಿಂದೆಯೂ ಒಂದು ಪುಟ್ಟ ಸ್ಕ್ರಿಪ್ಟು ಇರುತ್ತೆ. ಮೂಲ ಕೋಡನ್ನು ಎಲ್ಲಿಂದ ತರಬೇಕು, ಯಾವ ಆವೃತ್ತಿ, ಹೇಗೆ ಕಟ್ಟಬೇಕು, ಎಲ್ಲಾ ಅದರಲ್ಲೇ. ಕೆನಡಾದ ಜಡ್ ವಿನೆಟ್ 2002ರಲ್ಲಿ ಶುರುಮಾಡಿದ ಆರ್ಚ್ ಲಿನಕ್ಸಿನ ಸ್ಕ್ರಿಪ್ಟುಗಳೆಂದರೆ ನನಗೆ ಪ್ರಾಣ. ಯಾರು ಬೇಕಾದರೂ ಓದಬಹುದು, ಅಷ್ಟು ಸರಳ.

ಮೊದಮೊದಲು ಆವೃತ್ತಿಯ ಸಂಖ್ಯೆ ಬರೆದರೆ ಸಾಕಿತ್ತು. 2005ರಲ್ಲಿ, ಕೋಡಿಗೆ ಆದ ತಿದ್ದುಪಡಿಗಳನ್ನೆಲ್ಲ ದಾಖಲಿಸಿಡುವ ಗಿಟ್ ಬಂತು. ಬಿಡುಗಡೆಗೆ ಕಾಯದೆ, ನಿನ್ನೆ ರಾತ್ರಿ ತಿದ್ದಿದ ಕೋಡೇ ಬೇಕು ಅನ್ನೋ ಆತುರದವರೂ ಹೆಚ್ಚಿದರು. ಗಿಟ್ ಪ್ರತಿ ತಿದ್ದುಪಡಿಗೂ 40 ಅಕ್ಷರದ ಗುರುತು ಕೊಡುತ್ತೆ. ಆದರೆ ಎರಡು ಗುರುತು ಪಕ್ಕಪಕ್ಕ ಇಟ್ಟರೆ ಅಣ್ಣ ಯಾರು, ತಮ್ಮ ಯಾರು, ಗೊತ್ತೇ ಆಗಲ್ಲ! ಅದಕ್ಕೇ ಇಲ್ಲಿವರೆಗೆ ಆದ ತಿದ್ದುಪಡಿಗಳನ್ನು ಎಣಿಸಿ, ಆ ಎಣಿಕೆಯನ್ನು ಗುರುತಿನ ಮುಂದೆ ಅಂಟಿಸಿದರು. 2013ರಿಂದ ಈ ಎಣಿಕೆಯನ್ನು ಸ್ಕ್ರಿಪ್ಟೇ ಮಾಡಿಕೊಳ್ಳುತ್ತೆ.

ಆದರೆ ಮೂಲ ಎಲ್ಲಿಂದ ಬರುತ್ತೆ ಅನ್ನೋದು ಎಷ್ಟು ಮುಖ್ಯ ಅಂತ ತೋರಿಸಿದ್ದು ಒಂದು ಅರ್ಧ ಸೆಕೆಂಡಿನ ಕತೆ. 2024ರ ಮಾರ್ಚ್. ಆಂಡ್ರೆಸ್ ಫ್ರಾಯಿಂಡ್ ಅಂತ ಒಬ್ಬ ಎಂಜಿನಿಯರು. ಡೆಬಿಯನ್ ಅನ್ನೋ ಇನ್ನೊಂದು ಲಿನಕ್ಸ್ ಇದ್ದ ತನ್ನ ಯಂತ್ರಕ್ಕೆ ಲಾಗಿನ್ ಆಗೋಕೆ ಅರ್ಧ ಸೆಕೆಂಡು ಜಾಸ್ತಿ ಹಿಡೀತಿದೆಯಲ್ಲ ಅಂತ ಅವನಿಗೆ ಅನುಮಾನ. ನಾವಾಗಿದ್ದರೆ ಕಾಫಿ ಕುಡಿದು ಸುಮ್ಮನಾಗ್ತಿದ್ದೆವು. ಆ ಪುಣ್ಯಾತ್ಮ ಬಿಡಲಿಲ್ಲ, ಅಗೆದ, ಅಗೆದ. ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಅನ್ನೋ ಲೈಬ್ರರಿಯೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು! ಜಿಯಾ ಟಾನ್ ಅನ್ನೋ ಹೆಸರಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಸಹಾಯ ಮಾಡ್ತಾ ನಂಬಿಕೆ ಗಳಿಸಿದ್ದ ಆಸಾಮಿ. ಬಹುಕಾಲ ಒಬ್ಬಂಟಿಯಾಗಿ ಆ ಲೈಬ್ರರಿ ನೋಡಿಕೊಂಡಿದ್ದ ಲಾಸೆ ಕಾಲಿನ್ ದಣಿದಿದ್ದರು ಪಾಪ. ನೆನೆದರೆ ಈಗಲೂ ಸಂಕಟ ಆಗುತ್ತೆ.

ಕಳ್ಳನ ಜಾಣತನ ಕೇಳಿ. ವಿಷದ ಗಂಟು ಗಿಟ್‌ನಲ್ಲೇ ಪರೀಕ್ಷೆಯ ಫೈಲುಗಳ ವೇಷದಲ್ಲಿತ್ತು. ಅದನ್ನು ಬಿಚ್ಚುವ ಸಾಲುಗಳು ಮಾತ್ರ ಗಿಟ್‌ನಲ್ಲಿರಲಿಲ್ಲ, ಬಿಡುಗಡೆಗೆಂದು ಕಟ್ಟಿದ ಕಂತೆಯಲ್ಲಷ್ಟೇ ಇದ್ದವು. ಸ್ಕ್ರಿಪ್ಟುಗಳು ಆ ಕಂತೆಯನ್ನು ತಂದು, ಬಿಡುಗಡೆ ಮಾಡಿದವರ ಡಿಜಿಟಲ್ ಮೊಹರು ಸರಿಯಿದೆಯಾ ಅಂತ ನೋಡಿದವು. ಮೊಹರು ಸರಿಯಾಗೇ ಇತ್ತು! ಹಾಕಿದವನೇ ಕಳ್ಳ ತಾನೆ?

ಸುದ್ದಿ ಹೊರಬಿದ್ದದ್ದು ಮಾರ್ಚ್ 29ಕ್ಕೆ. ಆರ್ಚ್‌ನವರು ಕಂತೆಯನ್ನು ಬಿಟ್ಟು ನೇರವಾಗಿ ಗಿಟ್‌ನಿಂದಲೇ ಕೋಡು ತರುವಂತೆ ಸ್ಕ್ರಿಪ್ಟು ತಿದ್ದಿದರು. ಆವೃತ್ತಿ ಅದೇ 5.6.1. ಆವೃತ್ತಿಯ ಬಾಲಕ್ಕೆ ಅಂಟಿಸುವ ಪ್ಯಾಕೇಜಿನ ಸರಣಿ ಸಂಖ್ಯೆ ಮಾತ್ರ 1 ಹೋಗಿ 2 ಆಯಿತು.