ಸಿದ್ಧಗಂಗೆಯ ಜಾತ್ರೆಗೆ ಹೊರಡುವ ಮುನ್ನ

ಶರಣಬಂಧುಗಳೆ, ಬ್ಯಾಟರಾಯನಪುರದ ನೀವೆಲ್ಲ ಶಿವರಾತ್ರಿಗೆ ಸಿದ್ಧಗಂಗೆಯ ಜಾತ್ರೆಗೆ ಹೊರಟಿರುವಿರೆಂದು ಕೇಳಿ ನಮಗೆ ಸಂತೋಷವಾಯಿತು. ಬಳ್ಳಾರಿ ರಸ್ತೆಯ ನಿಮ್ಮ ಊರು 2007ರಲ್ಲಿ ಬೃಹತ್ ಬೆಂಗಳೂರಿಗೆ ಸೇರಿತು. ಹೊಲವೂ ಹೋಯಿತು, ಎತ್ತೂ ಹೋಯಿತು. ಅಲ್ಲಿಯ ದನಗಳ ಪರಿಷೆಯನ್ನಾದರೂ ಮಕ್ಕಳಿಗೆ ತೋರಿಸಿರಿ. ರಾಸಿನ ಹಲ್ಲು ನೋಡಿ ವಯಸ್ಸು ಹೇಳುವುದನ್ನು ಯಾವ ಶಾಲೆ ಕಲಿಸೀತು? ಯಶವಂತಪುರದಲ್ಲಿ ರೈಲು ಹತ್ತಿ ಕ್ಯಾತ್ಸಂದ್ರದಲ್ಲಿ ಇಳಿದರೆ ಮಠ ಹತ್ತಿರ.

ಆದರೆ ನೀವು ತಂದ ಪಟ್ಟಿಯಲ್ಲಿ ಯಾವ ಮನೆಯ ಅಜ್ಜಿಯ ಹೆಸರೂ ಇಲ್ಲ. ಮನೆ ಕಾಯಲು ಅವರು ಬೇಕಂತೆ! ಹಾಗಾದರೆ ಬೀಗವಿರುವುದು ಏತಕ್ಕೆ? 2019ರಲ್ಲಿ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳವರ ಗದ್ದುಗೆ ಅಲ್ಲಿದೆ. ಅದನ್ನು ಕಾಣುವ ಹಂಬಲ ನಿಮಗಿಂತ ಆ ತಾಯಂದಿರಿಗೇ ಹೆಚ್ಚು. ತೇರಿನ ದಿನದ ನೂಕುನುಗ್ಗಲಿಗೆ ಅವರನ್ನು ಎಳೆಯಬೇಡಿ. ಮುಂಚೆಯೇ ದರ್ಶನ ಮಾಡಿಸಿರಿ. ಬೆಟ್ಟ ಹತ್ತಲಾರದವರ ಜೊತೆ ಒಬ್ಬ ಹುಡುಗ ಕೆಳಗೇ ಉಳಿಯಲಿ.

ಸಾವಿರಾರು ಮಕ್ಕಳು ನಿತ್ಯ ಉಣ್ಣುವ ದಾಸೋಹ ಅದು. ಮನೆಗೊಂದು ಸೇರು ಅಕ್ಕಿ ಒಯ್ಯಿರಿ. ಪಂಕ್ತಿಯಲ್ಲಿ ಕೂರುವ ಮೊದಲು ಒಂದು ಸಾಲಿಗೆ ಬಡಿಸಿರಿ. ಪಟ್ಟಿಯನ್ನು ತಿದ್ದಿ ಬರೆದು ಸೋಮವಾರ ನಮಗೆ ತಂದು ತೋರಿಸಿರಿ.